ಬೈದು ಬದುಕಿದಾಕೆ

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳನ್ನು ಜನ ಕೇಳಬೇಕಾದದ್ದು ಸ್ಟಾಂಪು, ರಿಜಿಸ್ಟರು, ಪಿಂಚಣಿ ಇಂಥವನ್ನು. ಈಚೆಗೆ ನನಗೆ ಬೇರೆಯದೇ ಪ್ರಶ್ನೆ ಬರುತ್ತಿದೆ. ಕವರಿಗೆ ಅಂಟು ಹಚ್ಚುತ್ತಲೇ ಯಾರೋ ಒಬ್ಬರು ಕಿಂಡಿಯೊಳಗೆ ಮುಖ ತೂರಿಸುತ್ತಾರೆ.

“ಬಾಯಾರ, ಆ ಬೈಯೂ ಅಕ್ಕ ನಿಮ್ಮ ಮಗ್ಗಲ ಮನ್ಯಾಗ ಇದ್ರಂತಲ್ರಿ? ಹೆಂಗಿದ್ರು ಅವರು?”

“ಬಾಳ ತ್ರಾಸ ಕೊಟ್ರು,” ಎನ್ನುತ್ತೇನೆ.

ಕೇಳಿದವರು ನಗುತ್ತಾರೆ. ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅವರಿಗೇನು, ಮೊಬೈಲಿನಲ್ಲಿ ನೋಡಿ ನಕ್ಕು ಜೇಬಿಗಿಟ್ಟುಕೊಂಡರೆ ಮುಗಿಯಿತು. ಬೆಟಗೇರಿಯ ನಮ್ಮ ಓಣಿಯಲ್ಲಿ ಆಕೆಯ ಗೋಡೆಗೆ ಗೋಡೆ ಹಚ್ಚಿಕೊಂಡು ವರ್ಷಗಟ್ಟಲೆ ಬದುಕಿದವಳು ನಾನು. ಆಕೆಯನ್ನು ಜೇಬಿನಲ್ಲಿಡಲು ಬರುತ್ತಿರಲಿಲ್ಲ.

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ನನ್ನ ಗಂಡ ಬುದ್ಧಿ ಹೇಳುತ್ತಾರೆ. ಆ ನಿಯಮ ಆಕೆಗೇ ಒಪ್ಪಿಗೆಯಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ತನ್ನ ಅತ್ತೆಯ ಫೋಟೊದ ಮುಂದೆ ಎಡೆ ಇಡುತ್ತ, “ತಿನ್ನು! ಇದಕ್ಕೂ ಉಪ್ಪ ಕಮ್ಮಿ ಅಂತ ಹೇಳು ಮತ್ತ!” ಎಂದು ಬೈಯುತ್ತಿದ್ದುದು ನನ್ನ ಅಡುಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೀಗಾಗಿ ನಾನೂ ನನಗೆ ತೋಚಿದ್ದನ್ನೇ ಬರೆಯುತ್ತೇನೆ.

ಕುಳ್ಳಗೆ, ಒಣಕಲು ಮೈಯ ಹೆಂಗಸು. ಹಣೆಯ ತುಂಬ ಕುಂಕುಮ, ದವಡೆಯಲ್ಲಿ ಎಲೆ-ಅಡಿಕೆ. ಇಷ್ಟು ಸಣ್ಣ ಗೂಡಿನೊಳಗಿಂದ ಅಷ್ಟು ದೊಡ್ಡ ಸ್ವರ ಹೇಗೆ ಬರುತ್ತದೆ ಎಂಬುದು ಓಣಿಗೆಲ್ಲ ಸೋಜಿಗ. ಗಂಡ ಎಣ್ಣೆ ಮಿಲ್ಲಿನಲ್ಲಿ ವಾಚ್‌ಮನ್. ಮೊದಲು ಆಕೆ ಗದಗಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಬಡಿದೂ ಬಡಿದೂ ಬಲಭುಜ ಸೋತುಹೋಗಿತ್ತು. ಕೈ ಮೇಲೆತ್ತಿ ಹೆರಳು ಹಾಕಿಕೊಳ್ಳಲು ಆಗದೆ ನನ್ನನ್ನು ಕರೆಯುತ್ತಿದ್ದಳು. ನಾನು ಕೆಲಸಕ್ಕೆ ಹೊರಡುವ ಹೊತ್ತಿಗೇ ಸರಿಯಾಗಿ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು: “ಏ ಟಪಾಲಕ್ಕಾ, ಜಡಿ ಹಾಕ ಬಾ! ನಿನ್ನ ಆಫೀಸೇನು ಓಡಿ ಹೋಗೂದಿಲ್ಲ!” ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವಳು ನನ್ನನ್ನು ಅಕ್ಕಾ ಎನ್ನುವಳು, ನಾನೂ ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ.

ಎಲ್ಲ ಶುರುವಾದದ್ದು ನೀರಿನಿಂದ. ಗದಗ-ಬೆಟಗೇರಿಯ ನಮ್ಮ ಅವಳಿ ಊರಿನಲ್ಲಿ ನಳಕ್ಕೆ ನೀರು ಬರುವುದು ನೆಂಟರು ಬಂದ ಹಾಗೆ. ಯಾವಾಗ ಬರುತ್ತದೋ, ಎಷ್ಟು ಹೊತ್ತು ಇರುತ್ತದೋ ಹೇಳಲಾಗುವುದಿಲ್ಲ. ಒಂದು ಬೇಸಿಗೆಯಲ್ಲಿ ಕಾದೂ ಕಾದೂ ಕೊಡಗಳೆಲ್ಲ ಒಣಗಿದ ಮೇಲೆ ನೀರು ಬಿಡುವವನು ಬಂದು ಆಚೆ ಓಣಿಯ ವಾಲ್ವ್ ತಿರುಗಿಸಿ, ನಮ್ಮದನ್ನು ಮುಟ್ಟದೆ ಸೈಕಲ್ ಹತ್ತಿದ. ಅಕ್ಕ ಖಾಲಿ ಕೊಡ ಹಿಡಿದು ದಾರಿಗೆ ಅಡ್ಡ ನಿಂತಳು. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಳು, ಅಡಿಕೆ ಪಕ್ಕಕ್ಕೆ ಉಗುಳಿದಳು, ಶುರು ಮಾಡಿದಳು.

“ಏ ನೀರಿನ ರಾಜಾ! ನಿಮ್ಮಪ್ಪ ತುಂಗಭದ್ರಾ ಹೊಳೀನ ನಿನ್ನ ಹೆಸರೀಲೆ ಬರದು ಕೊಟ್ಟಾನೇನು? ಆಚಿ ಓಣ್ಯಾಗಿನವ್ರು ನಿಮ್ಮ ಬೀಗರು, ನಾವೇನು ನಿನ್ನ ಹೊಲದಾಗಿನ ಬೆರ್ಚಪ್ಪಗೋಳು? ನಿನಗ ನೀರಡಿಕಿ ಆದ ದಿನ ನಿಮ್ಮ ಮನಿ ಕೊಡದಾಗ ಬರೇ ಗಾಳಿ ಬರಲಿ! ಕುಡಿ, ಗುಟುಕು ಗುಟುಕು ಕುಡಿ!”

ಆ ಮನುಷ್ಯ ಸೈಕಲ್ ಮೇಲಿಂದ ಇಳಿದು ವಾಲ್ವ್ ತಿರುಗಿಸಿದ. ಮಾಳಿಗೆಯ ಮೇಲಿಂದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ನಾವು ಕೊಡ ತುಂಬಿ ಮುಗಿಸುವುದರೊಳಗೆ ಅದು ಮುಂಡರಗಿ ದಾಟಿತ್ತು. ಮರುದಿನ ಕೌಂಟರಿನಲ್ಲಿ ಹೊಂಬಳದ ಒಬ್ಬ ರೈತ, “ಇದು ನಿಮ್ಮ ಓಣಿ ಅಲ್ರಿ?” ಎಂದು ನನಗೇ ತೋರಿಸಿದ. ಖಾಲಿ ಕೊಡ ಹಿಡಿದು ಬಾಯಿ ತೆರೆದು ಹಿಂದೆ ನಿಂತವಳು ನಾನೇ. ಆತ ಗುರುತು ಹಿಡಿಯಲಿಲ್ಲ, ದೇವರ ದಯೆ.

ತನ್ನನ್ನು ಕೇಳದೆ ವಿಡಿಯೊ ಮಾಡಿದವನಿಗೆ ಅಕ್ಕ ಓಣಿಯ ನಡುವೆ ನಿಂತು ಬೈದಳು. ಅದನ್ನೂ ಯಾರೋ ಹಿಡಿದರು. ಅದು ಮೊದಲಿನದಕ್ಕಿಂತ ಹೆಚ್ಚು ಓಡಿತು. ಆಗ ಆಕೆಗೆ ಹೊಳೆಯಿತು: “ಮಂದಿ ನನ್ನ ಬಾಯಿ ಮ್ಯಾಲ ರೊಕ್ಕ ಮಾಡ್ಕೋತಾರಂತ. ನಾನ ಯಾಕ ಮಾಡ್ಕೋಬಾರದು?” ರೊಟ್ಟಿಯ ದುಡ್ಡಿನಲ್ಲಿ ಒಳ್ಳೆಯ ಫೋನ್ ಕೊಂಡಳು. ಚಾನೆಲ್ ತೆರೆದುಕೊಟ್ಟವರು ನನ್ನ ಗಂಡ. ಈ ಒಂದು ಉಪಕಾರಕ್ಕಾಗಿ ನಾನು ಅವರನ್ನು ಇಂದಿಗೂ ಕ್ಷಮಿಸಿಲ್ಲ.

ಏಕೆಂದರೆ ಫೋನ್ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಆಕೆಯ ಗಂಡ ಹಿಡಿದರೆ ಕೈ ನಡುಗಿ ಚಿತ್ರದಲ್ಲಿ ಭೂಕಂಪವಾಗುತ್ತಿತ್ತು. ಇಡೀ ದಿನ ಕಿಂಡಿಯಾಚೆಯ ಮಂದಿಯ ಮಾತು ಕೇಳಿ, ಒಂದು ಲೋಟ ಚಹ ಕುಡಿದು ಸುಮ್ಮನೆ ಕೂರೋಣ ಎಂದು ಮನೆಗೆ ಬಂದರೆ, “ಬಂದ್ಯಾ? ಹಿಡಿ ಇದನ್ನ, ಬೆಳಕ ಹೊಂಟೈತಿ,” ಎಂದು ಫೋನು ಕೈಗೆ. ಆಕೆಯ ರೆಕಾರ್ಡಿಂಗ್ ನಡೆದಾಗ ಓಣಿಯಲ್ಲಿ ಯಾರೂ ಕುಕ್ಕರ್ ಕೂಗಿಸುವಂತಿಲ್ಲ, ಅರಿವೆ ಒಗೆಯುವಂತಿಲ್ಲ. ಆಚೆ ಮನೆಯ ಒಂದೇ ಒಂದು ಕೈಮಗ್ಗ, ಅದೂ ನಿಲ್ಲಬೇಕು. ಕೆಮ್ಮು ಬಂದರೆ ನುಂಗಬೇಕು. ನಾನು ಒಮ್ಮೆ ಕೆಮ್ಮಿದ್ದಕ್ಕೆ ಬೈದದ್ದೇ ಬೇರೊಂದು ವಿಡಿಯೊ ಆಯಿತು.

ಆಕೆ ಏನಕ್ಕೆ ಬೈಯುತ್ತಿರಲಿಲ್ಲ! ಹಂದಿಗಳಿಗೆ, ಕರೆಂಟಿಗೆ, ನಿಲ್ಲದೆ ಹೋದ ಬಸ್ಸಿಗೆ, ಮದುವೆ ಊಟದಲ್ಲಿ ಬಾಳೆಲೆಯ ತುಂಬ ಬಡಿಸಿಕೊಂಡು ಬಿಟ್ಟು ಏಳುವವರಿಗೆ, ಮಾವಿನಕಾಯಿಗೆ ಪುಡಿ ಹಾಕಿ ಹಣ್ಣು ಮಾಡುವವರಿಗೆ. ಖಾರಪುಡಿಯ ಅಂಗಡಿಯವರೊಬ್ಬರು ಜಾಹೀರಾತು ಕೊಟ್ಟರು. “ಈ ಖಾರ ತಿನ್ನಲಾರದವನ ನಾಲಗಿ ಸೋರೇಕಾಯಿ ಆಗಲಿ!” ಎಂದಳು. ಅಂಗಡಿಯಲ್ಲಿ ಜನ ಸಾಲು ಹಚ್ಚಿದರಂತೆ. ವಿಡಿಯೊದ ಗಳಿಕೆಯಲ್ಲಿ ಮನೆಯ ಮುಂಭಾಗಕ್ಕೆ ಸಿಮೆಂಟು ಗಿಲಾವು ಬಂತು, ರೊಟ್ಟಿ ಬಡಿಯುವುದು ನಿಂತಿತು, ಭುಜದ ನೋವು ಸ್ವಲ್ಪ ಇಳಿಯಿತು. ಅಷ್ಟು ಮಟ್ಟಿಗೆ ನನಗೂ ಸಮಾಧಾನವಾಗಿತ್ತು ಎಂಬುದನ್ನು ಹೇಳಬೇಕು.

ಜನ ತಿಳಿದಂತೆ ಅದು ಸಿಟ್ಟಲ್ಲ. ಒಮ್ಮೆ ನಿಜವಾಗಿಯೂ ಸಿಟ್ಟು ಬಂದು ಗಂಡನೊಡನೆ ಜಗಳವಾಡಿದ ದಿನ, ಇದನ್ನೇ ವಿಡಿಯೊ ಮಾಡೋಣವೇ ಎಂದು ನಾನು ಚುಚ್ಚಿದೆ. “ಹುಚ್ಚಿ, ಸಿಟ್ಟ ಬಂದಾಗ ಬೈದ್ರ ಮಾತು ಸರಿ ಕೂಡೂದಿಲ್ಲ,” ಎಂದಳು. ಬೈಗುಳವನ್ನು ಮೊದಲೇ ಹಿತ್ತಲಿನಲ್ಲಿ ಓಡಾಡುತ್ತ ಗುನುಗಿಕೊಳ್ಳುತ್ತಿದ್ದಳು. ಹೊಲಸು ಮಾತು ಒಂದೂ ಬರುತ್ತಿರಲಿಲ್ಲ. ತಾಯಿ, ತಂಗಿಯರನ್ನು ಎಳೆದು ಬೈಯುವುದು ಕಸುಬು ಬಾರದವರ ಕೆಲಸ ಎಂಬುದು ಆಕೆಯ ತೀರ್ಮಾನ.

ಒಂದು ಭಾನುವಾರ ಅಂತೂರ ಬೆಂತೂರಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದು ನನ್ನ ಬಾಗಿಲಿಗೆ ಅಡ್ಡ ನಿಲ್ಲಿಸಿದರು. ಮನೆಯ ಹಿರಿಯ ಮಗ ಗುಟ್ಕಾ ಬಿಡುತ್ತಿಲ್ಲ, ಅಕ್ಕನ ಕೈಯಿಂದ ಬೈಸಬೇಕು. ದೇವರಿಗೆ ಬಂದ ಹಾಗೆ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅಕ್ಕ ಎಲ್ಲರಿಗೂ ಚಹ ಕೊಟ್ಟಳು. ಹಾಲು ನನ್ನ ಮನೆಯದು. ಆ ಗಂಡಸನ್ನು ನಡುವೆ ಕೂರಿಸಿ, “ನಿನ್ನ ಬಾಯಿ ನೋಡಿದ್ರ ನಿನ್ನ ಹೆಂಡ್ತಿಗೆ ಕೆಂಪ ಮಣ್ಣಿನ ಹೊಲ ನೆನಪಾಗಬೇಕು, ಬಿತ್ತಿಗಿ ಮಾಡ್ಲೇನ ಅಂತ ಕೇಳ್ಯಾಳು!” ಎಂದು ಶುರು ಮಾಡಿದ್ದಷ್ಟೇ, ಅವನ ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಹೋಗುವಾಗ ಆತ ಅಕ್ಕನ ಕಾಲು ಮುಟ್ಟಿದ. ಟ್ರ್ಯಾಕ್ಟರ್ ತಿರುಗಿಸುವಾಗ ನನ್ನ ತುಳಸಿಕಟ್ಟೆಯ ಮೂಲೆ ಒಡೆಯಿತು. ಅದರ ಬಗ್ಗೆ ಯಾರೂ ಯಾರಿಗೂ ಬೈಯಲಿಲ್ಲ.

ಅಲ್ಲಿಂದ ಈ ಹುಚ್ಚು ಬೆಳೆಯಿತು. ಜನ ಫೋನ್ ಮಾಡಿ ತಮಗೆ ಆಗದವರಿಗೆ ಬೈಸತೊಡಗಿದರು. ಹೆಸರು, ಊರು ಹೇಳುವುದು, ದುಡ್ಡು ಕಳಿಸುವುದು, ಅಕ್ಕ ವಿಡಿಯೊದಲ್ಲಿ ಅವರ ಹೆಸರು ಹಿಡಿದು ಬೈಯುವುದು. ಓಣಿಯವರು ಅದಕ್ಕೆ ‘ಫರ್ಮಾಯಿಶಿ ಬೈಗುಳ’, ಅಂದರೆ ಕೋರಿಕೆಯ ಬೈಗುಳ, ಎಂದು ಹೆಸರಿಟ್ಟರು. ಹಂದಿಗೆ ಬೈದ ವಿಡಿಯೊಗಿಂತ ಮನುಷ್ಯರಿಗೆ ಬೈದದ್ದನ್ನು ಜನ ಹತ್ತು ಪಟ್ಟು ನೋಡುತ್ತಿದ್ದರು. ನನಗೆ ಇದು ಸರಿ ಕಾಣಲಿಲ್ಲ. ಫೋನ್ ಹಿಡಿಯಲು ಒಲ್ಲೆ ಎಂದೆ.

“ಅಕ್ಕಾ, ಒಂದ ಕಡಿ ಮಾತ ಕೇಳಿ ಬೈಯೂದು ಚಲೋ ಅಲ್ಲ. ಆಚಿ ಕಡಿಯವರು ಏನಂತಾರೋ ಯಾರಿಗ್ಗೊತ್ತು?”

“ನಿನ್ನ ಹತ್ತರ ಪತ್ರ ತಂದವ್ರಿಗೆ, ಒಳಗ ಏನ ಬರದೀರಿ, ಖರೇನೋ ಸುಳ್ಳೋ ಅಂತ ಕೇಳ್ತೀಯೇನು? ಶಿಕ್ಕಾ ಹೊಡದು ಕಳಸ್ತೀ. ನಾನೂ ಅಷ್ಟ!”

ನಾನು ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಆಕೆ ಫೋನನ್ನು ನನ್ನದೇ ಗೋಡೆಯ ಮೇಲೆ, ನನ್ನದೇ ಉಪ್ಪಿನಕಾಯಿ ಭರಣಿಗೆ ಆನಿಸಿಟ್ಟು ಕೆಲಸ ಮುಂದುವರಿಸಿದಳು.

ಹೀಗೆ ಮಾಡಿದ ವಿಡಿಯೊಗಳಲ್ಲಿ ಒಂದು ಲಕ್ಷ್ಮೇಶ್ವರದ ಸೊಸೆಯದು. ಆಕೆಯ ಹೆಸರು ನೀಲಾ ಎಂದಿಟ್ಟುಕೊಳ್ಳೋಣ. ಅತ್ತೆ ಫೋನ್ ಮಾಡಿ ಅತ್ತಿದ್ದಳು: ಸೊಸೆ ಅಡುಗೆಮನೆಗೆ ಬೀಗ ಹಾಕಿಕೊಂಡು ಸಿಂಗಾರ ಮಾಡಿಕೊಂಡು ಬಜಾರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ, ತಾನು ಮನೆಯಲ್ಲಿ ಉಪವಾಸ ಕೂರುತ್ತೇನೆ ಎಂದು. ಅಕ್ಕ ಅತ್ತೆಯ ಮಾತನ್ನು ನಂಬಿದಳು. ಬಳೆ ಏರಿಸಿದಳು.

“ಏ ನೀಲಾ! ಗೋರಂಟಿ ಹಚ್ಚಿದ ಕೈಲೆ ಅತ್ತಿ ತುತ್ತಿಗೆ ಬೀಗ ಹಾಕ್ತೀಯಾ? ಅಂಗಡ್ಯಾಗ ನಿಂತು ಕಂಡವರಿಗೆಲ್ಲಾ ಸೀರಿ ಬಿಚ್ಚಿ ಬಿಚ್ಚಿ ತೋರಸ್ತೀ, ಮನ್ಯಾಗಿನ ಮುದುಕಿಗೆ ರೊಟ್ಟಿ ಬುಟ್ಟಿ ಬಿಚ್ಚಿ ತೋರಸಾಕ ನಿನ್ನ ಕೈಗೆ ಏನ ಬಂದೈತಿ?”

ಅದು ಆಕೆಯ ಎಲ್ಲ ವಿಡಿಯೊಗಳಿಗಿಂತ ಹೆಚ್ಚು ಓಡಿತು. ಗೋಡೆಯ ಮೇಲೆ ಕೈ ಊರಿ ನೋಡುಗರ ಕಾಮೆಂಟುಗಳನ್ನು ಅಕ್ಷರ ಅಕ್ಷರ ಕೂಡಿಸಿ ನನಗೆ ಓದಿ ಹೇಳಿದಳು. ಬೆಂಕಿಯ ಚಿತ್ರ ಎಷ್ಟು, ಚಪ್ಪಾಳೆ ಎಷ್ಟು ಎಂದೂ ಹೇಳಿದಳು.

ಕೆಲವು ದಿನಗಳ ಮೇಲೆ, ನನಗೆ ರಜೆಯಿದ್ದ ಒಂದು ಬೆಳಿಗ್ಗೆ, ವಯಸ್ಸಾದ ಒಬ್ಬ ಮನುಷ್ಯ ಓಣಿಗೆ ಬಂದರು. ಬಿಳಿ ಧೋತರ, ತಲೆಗೆ ಟವೆಲು. ಅಕ್ಕನ ಮನೆ ಕೇಳಿ, ಕಟ್ಟೆಯ ಮೇಲೆ ಕುಳಿತರು. ಅಕ್ಕ ಫರ್ಮಾಯಿಶಿ ಎಂದುಕೊಂಡು ನೀರು ಕೊಟ್ಟಳು. ಅವರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ನಾ ಸಿಂಗಟಾಲೂರಾವ ರಿ. ನೀಲಾ ನನ್ನ ಮಗಳು.”

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜಗಳಕ್ಕೆ ಬಂದವನಿಗೆ ತಕ್ಕ ತಯಾರಿ ಅದು. ಆದರೆ ಅವರ ದನಿ ಏರಲಿಲ್ಲ.

“ನಿಮ್ಮ ವಿಡಿಯೊ ನಮ್ಮ ಮನ್ಯಾಗ ಎಲ್ಲಾರೂ ನೋಡತಿದ್ವಿರಿ. ನನಗ ಮೊದಲ ತೋರಿಸಿದಾಕಿನ ನೀಲಾ. ಹಬ್ಬಕ್ಕ ಬಂದಾಗ, ‘ಅಪ್ಪಾ ನೋಡು, ಈ ಅಕ್ಕ ಎಷ್ಟ ಚಂದ ಬೈತಾಳ’ ಅಂತ ತೋರಿಸಿ ತೋರಿಸಿ ನಗತಿದ್ಲು. ಮೊನ್ನೆ ಅಂಗಡ್ಯಾಗ ಊಟದ ಹೊತ್ತಿನಾಗ ನಿಮ್ಮ ಹೊಸಾ ವಿಡಿಯೊ ಬಂತಂತ. ಗೆಳತ್ಯಾರನ್ನೆಲ್ಲಾ ಕರದು, ಬರ್ರಿ ನಗೂಣು ಅಂತ ಹಚ್ಚಿದ್ಲಂತ.” ಅವರು ತಲೆಯ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಅದರಾಗ ಆಕೀ ಹೆಸರ ಬಂತು.”

ಅವರು ಹೇಳಿದ್ದು ಇದು: ಅತ್ತೆಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ, ಸಿಹಿ ಕೊಡಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ಮುದುಕಿ ಕದ್ದು ತಿನ್ನುತ್ತಾಳೆಂದು ಸೊಸೆ ಬೆಲ್ಲದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ರೊಟ್ಟಿ, ಪಲ್ಯ ಬುಟ್ಟಿಯಲ್ಲಿ ಮುಚ್ಚಿಟ್ಟೇ ಹೋಗುತ್ತಿದ್ದಳು. ಬೀಗದ ಸಂಗತಿ ಇಷ್ಟೇ. ಈಗ ಅಂಗಡಿಗೆ ಜನ ಸೀರೆ ಕೊಳ್ಳಲಿಕ್ಕಲ್ಲ, ನೀಲಾಳನ್ನು ನೋಡಲು ಬರುತ್ತಿದ್ದರು, ಮೊಬೈಲ್ ಎತ್ತಿ ಹಿಡಿಯುತ್ತಿದ್ದರು. ಮಾಲೀಕ, ಗದ್ದಲ ಇಳಿಯುವವರೆಗೆ ಬರಬೇಡ ಎಂದ. ಆಕೆ ತವರಿಗೆ ಬಂದು ಮೂಲೆ ಹಿಡಿದಿದ್ದಳು.

“ನಾ ಜಗಳಕ್ಕ ಬಂದಿಲ್ರಿ. ನನಗ ನಿಮ್ಮಷ್ಟ ಮಾತ ಬರೂದಿಲ್ಲ. ಮಗಳು ಅನ್ನ ಬಿಟ್ಟಾಳ. ಏನ ಮಾಡಬೇಕು ಅನ್ನೂದ ತಿಳೀವಲ್ದು. ಅದಕ್ಕ ನಿಮ್ಮನ್ನ ಕೇಳಾಕ ಬಂದೆ.”

ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ಗೋಡೆಯಾಚೆ ನಿಂತ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. ಅವರಾದರೂ ಬೈದಿದ್ದರೆ ಆಕೆಗೆ ಬದುಕುವ ದಾರಿ ಇತ್ತು. ಬೈಯುವವನನ್ನು ಎದುರಿಸುವುದು ಆಕೆಗೆ ಗೊತ್ತಿತ್ತು. ಸುಮ್ಮನೆ ಕುಳಿತು ನೆಲ ನೋಡುವವನನ್ನು ಏನು ಮಾಡುವುದು?

ಅವರು ಹೋದ ಮೇಲೆ ಅಕ್ಕ ನನ್ನ ಮೇಲೆ ತಿರುಗಿಬಿದ್ದಳು. “ನೀ ಸಾಲಿ ಕಲತಾಕಿ, ನಾಕ ಮಂದಿ ನಡುವ ಕೂಡಾಕಿ. ನನಗ ಯಾಕ ಹೇಳಲಿಲ್ಲ?”

“ಹೇಳಿದ್ನಲ್ಲ!”

“ಜೋರ ಮಾಡಿ ಹೇಳಬೇಕಿತ್ತು!”

ಆ ಸಂಜೆಯೇ ನನ್ನ ಗಂಡನ ಕಡೆಯಿಂದ ವಿಡಿಯೊ ಅಳಿಸಿಸಿದಳು. ಮರುದಿನ ಸಿಂಗಟಾಲೂರಿಗೆ ಹೊರಟಳು. ಬಸ್ಸಿನ ಗಾಳಿ ತಾಗಿದರೆ ಆಕೆಗೆ ವಾಂತಿ. ಒಬ್ಬಳೇ ಹೋಗಲಾರಳು. ನಾನು ರಜೆ ಹಾಕಿ, ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಹಿಡಿದು ಜೊತೆಗೆ ಕೂತೆ. ಯಾಕೆ ಹೋದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಮುಂಡರಗಿ ಮುಟ್ಟುವುದರೊಳಗೆ ಚೀಲಗಳೆಲ್ಲ ಮುಗಿದಿದ್ದವು.

ಹೊಳೆಯ ದಂಡೆಯ ಆ ಮನೆಯ ಪಡಸಾಲೆಯಲ್ಲಿ ನೀಲಾ ಶೇಂಗಾ ಒಡೆಯುತ್ತ ಕುಳಿತಿದ್ದಳು. ಇಪ್ಪತ್ತೈದರ ಸುಮಾರಿನ ಹೆಣ್ಣುಮಗಳು. ಅಕ್ಕನನ್ನು ಕಂಡದ್ದೇ ಆಕೆಯ ಕೈ ನಿಂತಿತು.

“ಅಳಿಸೀನವ್ವಾ. ಪೂರಾ ತಗದ ಹಾಕೀನಿ,” ಎಂದಳು ಅಕ್ಕ ನಿಂತಲ್ಲೇ.

“ನಿಮ್ಮ ಫೋನಿನಾಗ ಅಳಿಸೀರಿ. ಮಂದಿ ಫೋನಿನಾಗ ಐತಲ್ರಿ?”

“ಇನ್ನೊಂದ ವಿಡಿಯೊ ಮಾಡಿ ತಪ್ಪಾತು ಅಂತೀನಿ. ನಿನ್ನ ಕಾಲ ಹಿಡದ ಹೇಳ್ತೀನಿ.”

“ಬ್ಯಾಡ್ರಿ. ಅದರಾಗೂ ನನ್ನ ಹೆಸರ ಬರತೈತಿ. ಮಂದಿ ಅದನ್ನೂ ನೋಡಿ ಮಜಾ ತಗೋತಾರ, ಅದರ ರೊಕ್ಕಾನೂ ನಿಮಗ ಬರತೈತಿ.” ನೀಲಾ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. “ಮನಸಿದ್ರ ಲಕ್ಷ್ಮೇಶ್ವರಕ್ಕ ಬರ್ರಿ. ಫೋನ ಬಿಟ್ಟ ಬರ್ರಿ. ನಮ್ಮ ಓಣ್ಯಾಗ ಮನಿ ಮನಿಗೆ ಹೋಗಿ ನಿಮ್ಮ ಬಾಯಿಲೆ ಹೇಳ್ರಿ. ಆಗ ನಾ ಆ ಓಣ್ಯಾಗ ತಲಿ ಎತ್ತಿ ಅಡ್ಡಾಡತೀನಿ.”

“ಆತು,” ಎಂದಳು ಅಕ್ಕ.

ಭಾನುವಾರ ಶಿರಹಟ್ಟಿಯ ಮೇಲೆ ಹೋಗುವ ಬಸ್ಸಿನಲ್ಲಿ ಮತ್ತೆ ನಾನು, ಮತ್ತೆ ಲಿಂಬೆಹಣ್ಣು. ಫೋನನ್ನು ಗಂಡನ ಕೈಗೆ ಕೊಟ್ಟು ಬಂದಿದ್ದಳು. ಲಕ್ಷ್ಮೇಶ್ವರದ ಓಣಿಯ ಬಾಯಲ್ಲಿ ನೀಲಾ, ಆಕೆಯ ಅಪ್ಪ ಕಾಯುತ್ತಿದ್ದರು. ಮೊದಲ ಮನೆಯ ಬಾಗಿಲು ತೆರೆದ ಹೆಂಗಸು ಅಕ್ಕನನ್ನು ಕಂಡು ಕಿರುಚಿದಳು. “ಯವ್ವಾ! ಬೈಯೂ ಅಕ್ಕ ಬಂದಾಳ, ಬರ್ರೇ!”

ಅಕ್ಕ ಕೈ ಮುಗಿದಳು. “ನಾ ಈ ಹುಡುಗಿಗೆ ಬೈದದ್ದು ಸುಳ್ಳು. ಆಕಿ ಬೀಗ ಹಾಕಿದ್ದು ಅನ್ನಕ್ಕಲ್ಲ, ಬೆಲ್ಲದ ಡಬ್ಬಿಗೆ. ಡಾಕ್ಟರು ಹೇಳಿದ್ದಕ್ಕ ಹಾಕಿದ್ಲು. ನಾ ಕೇಳದ ಬೈದೆ. ತಪ್ಪ ನಂದು.”

“ಅದ ಹೋಗ್ಲಿ ಬಿಡ್ರಿ ಅಕ್ಕಾ. ನಮ್ಮ ಮಾವಗ ಒಂದೀಟ ಬೈರಿ, ಇಡೀ ದಿನ ಟಿವಿ ಜೋರ ಹಚ್ಚತಾನ!”

ಎಲ್ಲ ಮನೆಯಲ್ಲೂ ಇದೇ ಪಾಡು. ಕ್ಷಮೆ ಯಾರಿಗೂ ಬೇಡ, ಬೈಗುಳ ಬೇಕು. ಒಬ್ಬ ತನ್ನ ಹೆಂಡತಿಯನ್ನು ಎಳೆದು ತಂದು ಅಕ್ಕನ ಪಕ್ಕ ನಿಲ್ಲಿಸಿ ಫೋಟೊ ತೆಗೆಯಲು ನೋಡಿದ. ನಾನು ಅವನ ಮೊಬೈಲಿಗೆ ಅಡ್ಡ ನಿಂತೆ. ನನ್ನ ತಾಳ್ಮೆ ಮೂರನೆಯ ಮನೆಗೇ ಮುಗಿದಿತ್ತು. ಈ ಜನಕ್ಕೆ ಕಿವಿಯೇ ಇಲ್ಲ, ನಡಿ ಹೋಗೋಣ ಎಂದೆ. ಅಕ್ಕ ಕೇಳಬೇಕಲ್ಲ! ನಾಲ್ಕನೆಯ ಮನೆಯ ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟಳು.

“ನಾ ಈಗ ಏನಂದೆ? ನೀ ಒಮ್ಮಿ ಅನ್ನು.”

ಆ ಮನೆಯವಳು ಕಣ್ಣು ಕಣ್ಣು ಬಿಟ್ಟಳು. “ಏನ್ರೀ… ನೀಲಾ ಬೀಗ ಹಾಕಿದ್ದು…”

“ಯಾತಕ್ಕ?”

“ಬೆಲ್ಲದ ಡಬ್ಬಿಗೆ.”

“ಯಾಕ?”

“ಅತ್ತಿಗೆ ಸಕ್ರಿ ಬ್ಯಾನಿ ಅಂತ.”

“ತಪ್ಪ ಯಾರದು?”

“ನಿಮ್ಮದ್ರಿ.”

“ಹಾಂ. ಮುಂದಿನ ಮನಿ.” ಹಿಂದೆ ಹೋಗಿ ಮೊದಲ ಮೂರು ಮನೆಗಳವರ ಬಾಯಲ್ಲೂ ಅದನ್ನು ಹೇಳಿಸಿದಳು. ಬಿಸಿಲು ಏರಿತ್ತು. ದನಿ ಒಡೆದಿತ್ತು. ನನಗೆ ಆಕೆಯ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಂಕಟವೂ ಆಯಿತು. ನೀರು ಕೊಡಲು ಹೋದರೆ, “ಮುಗೀಲಿ ತಡಿ,” ಎಂದು ನನ್ನನ್ನೇ ಗದರಿದಳು.

ಕೊನೆಗೆ ನೀಲಾಳ ಅತ್ತೆಯ ಮನೆ. ಅಷ್ಟೊತ್ತಿಗೆ ಓಣಿಯೆಲ್ಲ ಬಾಗಿಲಲ್ಲಿ ಸೇರಿತ್ತು. ಈಗ ಮುದುಕಿಗೆ ಬೀಳುತ್ತದೆ ನೋಡಿ ಎಂದು ಎಲ್ಲರೂ ಕತ್ತು ಚಾಚಿದರು. ನಾನೂ ಅದಕ್ಕೇ ಕಾಯುತ್ತಿದ್ದೆ. ಆ ಮುದುಕಿಗೆ ನಾಲ್ಕು ಬೈಗುಳ ಬಿದ್ದರೆ ನನ್ನ ಎರಡು ಬಸ್ ಪ್ರಯಾಣ ಸಾರ್ಥಕ ಎಂದುಕೊಂಡಿದ್ದೆ. ಮುದುಕಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಅಕ್ಕ ಎದುರು ಕುಕ್ಕರಗಾಲಲ್ಲಿ ಕುಳಿತು ಕೇಳಿದಳು.

“ಯಾಕ ಸುಳ್ಳ ಹೇಳಿದಿ ಯವ್ವಾ?”

“ಬೆಲ್ಲ ಬೇಡಿದೆ, ಕೊಡಲಿಲ್ಲ, ಸಿಟ್ಟ ಬಂತು,” ಎಂದಳು ಮುದುಕಿ. “ನಿನಗ ಫೋನ ಹಚ್ಚಿದೆ. ನೀ ಕೇಳ್ಕೋತ ಹೋದಿ, ನಾ ಹೇಳ್ಕೋತ ಹೋದೆ. ಒಂದಕ್ಕ ಎರಡ ಬೆರೀತು. ಅಷ್ಟ ಹೊತ್ತ ನನ್ನ ಮಾತ ಯಾರ ಕೇಳ್ಯಾರ?”

ಅಕ್ಕನ ಕೈ ಬಳೆಯ ಮೇಲೆ ಹೋಯಿತು. ಹಿಂದೆ ಯಾರೋ ಶ್ಶ್ ಎಂದರು. ಬಳೆ ಏರಲಿಲ್ಲ.

“ನಾನೂ ಕೇಳಲಿಲ್ಲವ್ವಾ,” ಎಂದಳು. “ಬೈಯಾಕ ಎಷ್ಟ ಬೇಕೋ ಅಷ್ಟ ಕೇಳಿದೆ.”

ಜನಕ್ಕೆ ನಿರಾಸೆಯಾಯಿತು. ಒಬ್ಬೊಬ್ಬರಾಗಿ ಕರಗಿದರು. ನೀಲಾ ಒಳಗೆ ಹೋಗಿ ಎಲ್ಲರಿಗೂ ಚಹ ತಂದಳು. ಅತ್ತೆಗೆ ಸಕ್ಕರೆ ಇಲ್ಲದ್ದು.

ಬಟ್ಟೆ ಅಂಗಡಿಯ ಮಾಲೀಕನಿಗೆ ಸುದ್ದಿ ಮುಟ್ಟಿ ಅವನೂ ಬಂದ. ಅವನ ಮುಖದಲ್ಲಿ ಹಬ್ಬ. “ಅಕ್ಕಾ, ನಮ್ಮ ಅಂಗಡಿ ಮುಂದ ನಿಂತು ಒಂದ ವಿಡಿಯೊ ಮಾಡಿ ಕೊಡ್ರಿ. ನೀಲಾ ನಾಳಿಂದನ ಕೆಲಸಕ್ಕ ಬರಲಿ, ಪಗಾರ ಹೆಚ್ಚ ಮಾಡತೀನಿ.” ಅಕ್ಕ ನೀಲಾಳ ಮುಖ ನೋಡಿದಳು. ನೀಲಾ ಚಹದ ಕಪ್ಪು-ಬಸಿಗಳನ್ನು ಒಂದರ ಮೇಲೊಂದು ಇಡುತ್ತ, “ಒಲ್ಲೆರಿ ಅಣ್ಣಾರ. ಬರಬ್ಯಾಡ ಅಂದಾಗ ನನ್ನನ್ನ ಕರದು ಖರೇನೋ ಸುಳ್ಳೋ ಅಂತ ನೀವೂ ಕೇಳಲಿಲ್ಲ,” ಎಂದಳು. ಆಮೇಲೆ ಮುಂಡರಗಿಯಲ್ಲಿ ರವಿಕೆ ಬಟ್ಟೆ ಮಾರುವ ಒಂದು ‘ಮ್ಯಾಚಿಂಗ್ ಸೆಂಟರ್’ನಲ್ಲಿ ಆಕೆಗೆ ಕೆಲಸ ಸಿಕ್ಕಿತು. ಗಂಡನೂ ಅಲ್ಲೇ ಮನೆ ಹಿಡಿದ. ಸ್ವಲ್ಪ ದಿನ ಒಬ್ಬಳೇ ಇದ್ದು ಸಾಕಾಗಿ ಅತ್ತೆಯೂ ಅವರ ಹಿಂದೆಯೇ ಹೋದಳು. ಬೆಲ್ಲದ ಜಗಳ ಅಲ್ಲೂ ನಡೆದಿದೆಯಂತೆ.

ಅಕ್ಕ ಹೆಸರು ಹಿಡಿದು ಬೈಯುವುದನ್ನು ಬಿಟ್ಟಳು. ಮತ್ತೆ ಹಂದಿ, ಕರೆಂಟು, ಬಸ್ಸು. ನೋಡುವವರು ಕಡಿಮೆಯಾದರು. ‘ಅಕ್ಕನ ಖಾರ ಇಳದೈತಿ’, ‘ಅಕ್ಕಗ ವಯಸ್ಸಾತು’ ಎಂದು ಕಾಮೆಂಟು ಬರೆದರು. ಅವನ್ನೂ ಅಕ್ಷರ ಕೂಡಿಸಿ ನನಗೆ ಓದಿ ಹೇಳಿದಳು. ಗಳಿಕೆ ಇಳಿಯಿತು. ಮುಂಭಾಗಕ್ಕೆ ಗಿಲಾವು ಕಂಡ ಮನೆಯ ಹಿಂಭಾಗ ಹಾಗೇ ಉಳಿಯಿತು. ಹಬ್ಬ, ಮದುವೆಗಳ ಕಾಲದಲ್ಲಿ ಮತ್ತೆ ರೊಟ್ಟಿಯ ಹಿಟ್ಟು ನಾದತೊಡಗಿದಳು. ನಾನು ಹೆರಳು ಹಾಕಲು ಹೋದರೆ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು.

ಆದರೂ ಫರ್ಮಾಯಿಶಿ ಫೋನುಗಳು ನಿಲ್ಲಲಿಲ್ಲ. ಅತ್ತೆಯರು, ಸೊಸೆಯರು, ನಿವೃತ್ತರು, ಹೊಲದ ಬದುವಿನ ಜಗಳದವರು. ಅಕ್ಕ ಬೈಯುವುದಿಲ್ಲ ಎಂದು ಮೊದಲೇ ಹೇಳುತ್ತಿದ್ದಳು. ಅವರು ಇಡುತ್ತಿರಲಿಲ್ಲ. ಆಕೆಯೂ ಇಡುತ್ತಿರಲಿಲ್ಲ. ಇಷ್ಟಕ್ಕೆ ಮುಗಿಯದೆ, “ಆಚಿ ಕಡಿಯವರ ನಂಬರ ಕೊಡು,” ಎಂದು ಇಸಿದುಕೊಂಡು ಅವರಿಗೂ ಫೋನ್ ಮಾಡಿ, ಅವರ ಕಡೆಯದನ್ನೂ ಕೇಳುತ್ತಿದ್ದಳು. ಒಂದು ಕಾಸಿನ ಹುಟ್ಟುವಳಿ ಇಲ್ಲದ ಕೆಲಸ. ಮೊದಲಾದರೆ ಬೈಗುಳ ಒಂದೈದು ನಿಮಿಷಕ್ಕೆ ಮುಗಿಯುತ್ತಿತ್ತು. ಈಗ ಸಂಜೆಯಿಂದ ಊಟದ ಹೊತ್ತಿನವರೆಗೆ ಗೋಡೆಯಾಚೆಯಿಂದ “ಹೂಂ… ಹೂಂ… ಆಮ್ಯಾಲ?” ಬೈಗುಳಕ್ಕಾದರೆ ಕಿವಿ ಮುಚ್ಚಿಕೊಳ್ಳಬಹುದಿತ್ತು. ಇದು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆ ಕಡೆಯವರು ಏನೆಂದರೋ ಕೇಳಿಸುತ್ತಿರಲಿಲ್ಲ. ಎಷ್ಟೋ ಸಲ ನಾನೇ ಗೋಡೆಗೆ ಬಂದು, “ಏನಾತು ಅವರದು?” ಎಂದು ಕೇಳಿದ್ದೇನೆ. “ನಿನಗ್ಯಾಕ? ಅದು ಮಂದಿ ಮನಿ ಮಾತು,” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಡೀ ಜಿಲ್ಲೆಗೆ ಬಾಯಿ ತೆರೆದಿಟ್ಟಿದ್ದವಳು!

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತಳು. ಆಸ್ಪತ್ರೆಗೆ ಒಯ್ಯಲು ಆಟೊ ಬಂದಾಗ ಅದರ ಡ್ರೈವರನಿಗೆ ತಗ್ಗು ನೋಡಿ ಓಡಿಸೆಂದು ಹೇಳಿದ್ದೇ ಕೊನೆಯ ಮಾತು. ಮಣ್ಣು ಮಾಡುವ ದಿನ ಬಹಳ ಮಂದಿ ಬಂದಿದ್ದರು. ಮುಂಡರಗಿಯಿಂದ ನೀಲಾ ಬಂದು ಅಡುಗೆಮನೆಯಲ್ಲಿ ಬಂದವರಿಗೆ ಚಹ ಕಾಸಿದಳು. ಹೋಗುವಾಗ ನನ್ನನ್ನು ಹುಡುಕಿಕೊಂಡು ಬಂದು, “ನಿಮಗ ಬಾಳ ತ್ರಾಸ ಆತ್ರಿ,” ಎಂದಳು. ಅದನ್ನು ನನಗೆ ಹೇಳಿದವಳು ಆಕೆಯೊಬ್ಬಳೇ.

ಅಕ್ಕನ ಗಂಡ ಆ ಫೋನನ್ನು ತಂದು ನನ್ನ ಕೈಗಿಟ್ಟರು. “ಒಂದ ಸಮ ಹೊಡಕೊಳ್ತೈತಿ ತಂಗಿ. ಬಂದ ಮಾಡಾಕ ನನಗ ಬರೂದಿಲ್ಲ, ಎತ್ತಿ ಮಾತಾಡಾಕ ಮನಸ ಆಗೂದಿಲ್ಲ. ನೀನ ಹೇಳಿಬಿಡು ಎಲ್ಲಾರಿಗೂ.” ಮತ್ತೆ ನನಗೇ.

ಮೊನ್ನೆ ಸಂಜೆ ತಾಟು ಹಾಕಿಕೊಂಡು ಕೂತಿದ್ದೆ. ಫೋನ್ ಬಡಿಯಿತು. ಎತ್ತಿ ನಾನು ಬಾಯಿ ತೆರೆಯುವ ಮೊದಲೇ ಆಚೆಯಿಂದ ಒಂದು ಹೆಂಗಸಿನ ದನಿ ಸುರಿಯತೊಡಗಿತು. “ಅಕ್ಕಾ, ನಾ ಶಿರಹಟ್ಟಿ ಕಡ್ಯಾಕಿ. ಊರಿಗೆ ಹೋಗಿದ್ನಿ, ಇಷ್ಟ ದಿನ ಮಾಡಾಕ ಆಗಲಿಲ್ಲ. ಅವತ್ತ ಎಲ್ಲಿಗೆ ಬಿಟ್ಟಿದ್ನಿ? ಹಾಂ, ನಮ್ಮ ಮೈದುನ ಕೋರ್ಟಿಗೆ ಹೋಗ್ತೀನಿ ಅಂದದ್ದಕ್ಕ ಬಿಟ್ಟಿದ್ನಿ…”

“ತಂಗಿ, ಒಂದ ನಿಮಿಷ. ನಾ ಅಕ್ಕ ಅಲ್ಲ, ಮಗ್ಗಲ ಮನಿಯಾಕಿ. ಅಕ್ಕ ಹೋಗಿಬಿಟ್ಲವ್ವಾ. ಶ್ರಾವಣದಾಗ.”

ಆಚೆ ಕಡೆ ಎಲ್ಲೋ ದನದ ಕೊರಳ ಗಂಟೆ ಅಲುಗಿತು. ಆಕೆ ಮೂಗೇರಿಸುತ್ತ ಕೇಳಿದಳು.

“ಹಂಗಾರ ನಂದು ಇನ್ನ ಅರ್ಧಾ ಉಳದೈತಲ್ರೀ. ಅದನ್ನ ಯಾರ ಮುಂದ ಹೇಳ್ಲಿ?”

ನನಗೆ ಎಂಥ ಸಿಟ್ಟು ಬಂತೆಂದರೆ, ಅದು ಆ ಹೆಂಗಸಿನ ಮೇಲೋ, ತೀರಿಕೊಂಡವಳ ಮೇಲೋ, ಅವತ್ತು ಚಾನೆಲ್ ತೆರೆದುಕೊಟ್ಟು ಈಗ ಎದುರಿಗೆ ಆರಾಮಾಗಿ ಅನ್ನ ಕಲಸುತ್ತಿದ್ದ ನನ್ನ ಗಂಡನ ಮೇಲೋ ತಿಳಿಯಲಿಲ್ಲ. ತಾಟು ಮುಂದೆ ಆರುತ್ತಿತ್ತು.

“ನಾ ಇನ್ನೂ ಉಂಡಿಲ್ಲ,” ಎಂದೆ. “ಉಂಡ ಮ್ಯಾಲ ಫೋನ ಮಾಡು.”